ಪದವಿಗೂ ಮೊದಲ ಸಂಬಳಕ್ಕೂ ನಡುವೆ

ಕುಂದಾಪುರದಿಂದ ಬಸ್ರೂರು, ಕಂಡ್ಲೂರು, ಶಂಕರನಾರಾಯಣ ದಾಟಿ ಘಟ್ಟದ ಬುಡದತ್ತ ಸಾಗುವ ರಸ್ತೆಯಲ್ಲಿ ಸಿಗುವ ಪೇಟೆ ಸಿದ್ದಾಪುರ. ಉತ್ತರ ಕನ್ನಡದಲ್ಲೂ ಕೊಡಗಿನಲ್ಲೂ ಇದೇ ಹೆಸರಿನ ಊರುಗಳಿವೆ. ಇದು ಉಡುಪಿ ಜಿಲ್ಲೆಯದು. ಮುಂದೆ ಹೊಸಂಗಡಿ, ಅಲ್ಲಿಂದ ಬಾಳೆಬರೆ ಘಾಟಿ ಹತ್ತಿದರೆ ಶಿವಮೊಗ್ಗ ಜಿಲ್ಲೆ. ಸುತ್ತ ಅಡಿಕೆ, ತೆಂಗು, ಭತ್ತ. ಕಾಲೇಜಿನ ಫಲಿತಾಂಶ ಬಂದು ಎರಡು ತಿಂಗಳಾಗುವ ಹೊತ್ತಿಗೆ ಇಂಥ ಊರುಗಳ ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಸೊಸೈಟಿಯ ಜಗಲಿಯಲ್ಲಿ ಒಂದು ಪ್ರಶ್ನೆ ಎದ್ದೇ ಏಳುತ್ತದೆ: ‘ನಿಮ್ ಮಾಣಿ ಈಗ ಎಂತ ಮಾಡ್ತಿದ್ದ?’ ಕೆಲಸ ಸಿಕ್ಕಿದ್ದರೆ ಉತ್ತರ ಉದ್ದವಾಗಿರುತ್ತದೆ. ಊರು, ಕಂಪೆನಿ, ಸಂಬಳ ಎಲ್ಲ ಬರುತ್ತದೆ. ಸಿಕ್ಕದಿದ್ದರೆ ಎರಡೇ ಶಬ್ದ: ‘ಮನೇಲೇ ಇದ್ದ.’

ಈ ‘ಮನೇಲೇ ಇದ್ದ’ ಎಂಬ ಅವಧಿ ಕರಾವಳಿಗೆ ಹಳೆಯದೇನಲ್ಲ. ಒಂದು ಕಾಲದಲ್ಲಿ ಇಲ್ಲಿ ಪದವಿ ಪಡೆದು ಕೆಲಸ ಹುಡುಕುವವರಿಗಿಂತ, ಮೊದಲು ಕೆಲಸ ಹಿಡಿದು ಆಮೇಲೆ ಪದವಿ ಪಡೆದವರೇ ಹೆಚ್ಚು. ನಂತರ ಬ್ಯಾಂಕುಗಳ ಕಾಲ ಬಂತು. ಪದವಿಯ ಪ್ರಮಾಣಪತ್ರ ಮತ್ತು ಪರಿಚಯದವರ ಒಂದು ಮಾತು ಸೇರಿದರೆ ಕೆಲಸವೆಂಬ ನಂಬಿಕೆ ಬೆಳೆಯಿತು. ಆಮೇಲೆ ಪರೀಕ್ಷೆ ಬಂತು, ಮಾತು ಹೋಯಿತು. ಮೊದಲ ನೌಕರಿಯ ಹುಡುಕಾಟ ಇಂದು ಯಾಕೆ ಇಷ್ಟು ದೀರ್ಘವಾಗಿದೆ ಎಂಬುದು ಅರ್ಥವಾಗಬೇಕಾದರೆ ಈ ಮೂರು ಕಾಲಗಳನ್ನು ಒಮ್ಮೆ ತಿರುಗಿ ನೋಡಬೇಕು.

ಕುಂದಾಪುರದಲ್ಲಿ ಭಂಡಾರ್ಕಾರ್ಸ್ ಕಾಲೇಜು ಆರಂಭವಾದದ್ದು 1963ರಲ್ಲಿ. ಅದಕ್ಕೆ ಮುಂಚೆ ಹತ್ತಿರದ ಕಾಲೇಜೆಂದರೆ 1949ರಲ್ಲಿ ಉಡುಪಿಯಲ್ಲಿ ತೆರೆದ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು. ಅದಕ್ಕೂ ಹಿಂದೆ ಹೋದರೆ ಮಂಗಳೂರು, ಇಲ್ಲವೇ ನೇರ ಮದರಾಸು. ಸಿದ್ದಾಪುರ, ಅಮಾಸೆಬೈಲು, ಹಾಲಾಡಿಯಂಥ ಒಳನಾಡಿನ ಊರಿನ ಹುಡುಗನಿಗೆ ಇವೆಲ್ಲ ಎಟುಕದ ಮಾತು. ಗದ್ದೆ ಗೇಣಿಯದು, ಮಳೆಗಾಲದಲ್ಲಿ ಹೊಳೆ ದಾಟುವುದೇ ಕಷ್ಟ. ಹಾಗಾಗಿ ಹತ್ತು ಹನ್ನೆರಡು ವರ್ಷದ ಹುಡುಗರು ಮುಂಬಯಿಗೋ ಬೆಂಗಳೂರಿಗೋ ಹೋಗಿ ಹೋಟೆಲು ಸೇರಿದರು. ಕೋಟದ ಬಳಿಯ ಪಾರಂಪಳ್ಳಿಯಿಂದ ಹೋದ ಮಯ್ಯ ಸೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಕಾಫಿ ಕ್ಲಬ್ಬೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಎ. ರಾಮ ನಾಯಕರು ಬಾಲ್ಯದಲ್ಲೇ ಮುಂಬಯಿ ಸೇರಿ 1942ರಲ್ಲಿ ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಕಟ್ಟಿದರು. ಇವರೆಲ್ಲ ಹೆಸರು ಮಾಡಿದವರು. ಹೆಸರು ಮಾಡದೆ ಲೋಟ ತೊಳೆದು, ಟೇಬಲ್ಲು ಒರೆಸಿ, ಊರಿಗೆ ಮನಿಯಾರ್ಡರು ಕಳಿಸಿದವರ ಸಂಖ್ಯೆಗೆ ಲೆಕ್ಕವಿಲ್ಲ.

ಈ ಹುಡುಗರಿಗಾಗಿ ಮುಂಬಯಿಯ ಕನ್ನಡ ಸಂಘಸಂಸ್ಥೆಗಳು ರಾತ್ರಿ ಶಾಲೆಗಳನ್ನು ನಡೆಸಿದವು. ಹಗಲು ಹೋಟೆಲಿನಲ್ಲಿ ದುಡಿತ, ಸಂಜೆ ಪುಸ್ತಕ. ಮೆಟ್ರಿಕ್ ಮುಗಿಸಿದವನು ಹೋಟೆಲು ಬಿಟ್ಟು ಗುಮಾಸ್ತನಾದ. ಗುಮಾಸ್ತನಾಗಿದ್ದುಕೊಂಡೇ ಬೆಳಗಿನ ಕಾಲೇಜು ಸೇರಿ ಬಿ.ಕಾಂ. ಮುಗಿಸಿದ, ಕೆಲವರು ವಕೀಲರೂ ಆದರು. ಸಂಬಳ ಮೊದಲು, ಪದವಿ ಆಮೇಲೆ. ಇಲ್ಲಿ ‘ಮನೇಲೇ ಇದ್ದ’ ಎಂಬ ಮಾತಿಗೆ ಎಡೆಯೇ ಇರಲಿಲ್ಲ. ಆದರೆ ಈ ದಾರಿಯನ್ನು ಹೊಗಳುವ ಭರದಲ್ಲಿ ಅದರ ಕ್ರೌರ್ಯವನ್ನು ಮರೆಯಬಾರದು. ಹನ್ನೆರಡರ ಹುಡುಗ ಅಂಗಡಿಯ ಹಲಗೆಯ ಮೇಲೆ ಮಲಗಿ ಬೆಳೆದದ್ದು ಸಾಹಸದ ಕತೆ ಮಾತ್ರವಲ್ಲ.

ಈ ದಾರಿಯಲ್ಲಿ ನೌಕರಿ ಕೊಡಿಸುತ್ತಿದ್ದುದು ಅರ್ಜಿಯಲ್ಲ, ನೆಂಟಸ್ತಿಕೆ. ಚಿಕ್ಕಪ್ಪನೋ ಪಕ್ಕದ ಮನೆಯವನೋ ಒಬ್ಬ ಮುಂಬಯಿಯಲ್ಲಿ ಇರಬೇಕು. ಊರಿಗೆ ಬಂದವನು ಹಿಂತಿರುಗುವಾಗ ಒಬ್ಬನನ್ನು ಜೊತೆಗೆ ಕರೆದೊಯ್ಯುತ್ತಿದ್ದ. 1966ರಲ್ಲಿ ಶಿವಸೇನೆ ಹುಟ್ಟಿ, ಗುಮಾಸ್ತಗಿರಿಯೆಲ್ಲ ದಕ್ಷಿಣದವರ ಪಾಲಾಗಿದೆ ಎಂದು ಕೂಗೆಬ್ಬಿಸಿದಾಗ ಅದರ ಬಿಸಿ ತಟ್ಟಿದ್ದು ಈ ಕೊಂಡಿಗಳಿಗೇ. ಅಷ್ಟರಲ್ಲಿ ಊರಿನ ಬಳಿಯೇ ಇನ್ನೊಂದು ಬಾಗಿಲು ಚೆನ್ನಾಗಿ ತೆರೆದುಕೊಂಡಿತ್ತು.

ಬ್ಯಾಂಕೆಂಬ ಊರಬಾಗಿಲು

ದೊಡ್ಡ ಕಾರ್ಖಾನೆಯಿಲ್ಲದ, ಗಣಿಯಿಲ್ಲದ, ಆಗಿನ ಕಾಲಕ್ಕೆ ರೈಲೂ ಮಂಗಳೂರಿಗೇ ನಿಂತಿದ್ದ ಒಂದು ಜಿಲ್ಲೆಯಲ್ಲಿ ಇಷ್ಟು ಬ್ಯಾಂಕುಗಳು ಹೇಗೆ ಹುಟ್ಟಿದವು ಎಂಬುದು ಅರ್ಥಶಾಸ್ತ್ರಜ್ಞರನ್ನು ಇವತ್ತಿಗೂ ಕಾಡುವ ಪ್ರಶ್ನೆ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿನ ಮೂಲವಾದ ನಿಧಿಯನ್ನು ಸ್ಥಾಪಿಸಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ನೇತೃತ್ವದಲ್ಲಿ ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿತು. 1924ರಲ್ಲಿ ಕರ್ಣಾಟಕ ಬ್ಯಾಂಕ್; 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಅವರು ಕೇವಲ 8,000 ರೂಪಾಯಿ ಬಂಡವಾಳದಲ್ಲಿ ಆರಂಭಿಸಿದ, ಮುಂದೆ ಸಿಂಡಿಕೇಟ್ ಎನಿಸಿಕೊಂಡ ಬ್ಯಾಂಕ್, 1931ರಲ್ಲಿ ಎ.ಬಿ. ಶೆಟ್ಟರು ಮತ್ತಿತರರ ವಿಜಯಾ ಬ್ಯಾಂಕ್. ನಡುವೆ ಹುಟ್ಟಿ ಮುಳುಗಿದ, ದೊಡ್ಡವುಗಳಲ್ಲಿ ಲೀನವಾದ ಸಣ್ಣ ಬ್ಯಾಂಕುಗಳು ಇನ್ನೂ ಹಲವು.

ಬ್ಯಾಂಕು ಬೆಳೆಯಬೇಕಾದರೆ ಶಾಖೆ ಬೇಕು. ಶಾಖೆಗೆ ಲೆಕ್ಕ ಬಲ್ಲ, ನಂಬಿಕೆಗೆ ತಕ್ಕ ಹುಡುಗರು ಬೇಕು. ನಂಬಿಕೆಯ ಹುಡುಗರನ್ನು ಯಾರೂ ಜಾಹೀರಾತು ಕೊಟ್ಟು ಹುಡುಕುತ್ತಿರಲಿಲ್ಲ. ಗೊತ್ತಿದ್ದ ಮನೆಯವನನ್ನೇ ಕರೆಯುತ್ತಿದ್ದರು. ಹಣಕಾಸಿನ ವ್ಯವಹಾರದಲ್ಲಿ ಇದಕ್ಕೊಂದು ತರ್ಕವೂ ಇತ್ತು: ಹುಡುಗ ತಪ್ಪಿದರೆ ಅವನ ತಂದೆಯನ್ನು ಊರಲ್ಲಿ ವಿಚಾರಿಸಬಹುದು! 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಆರಂಭಿಸಿದ ಪಿಗ್ಮಿ ಠೇವಣಿ ಇಂಥ ನಂಬಿಕೆಯ ಮೇಲೆಯೇ ನಿಂತದ್ದು. ದಿನವೂ ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ಎರಡಾಣೆ ಸಂಗ್ರಹಿಸುವ ಈ ಯೋಜನೆ ಓದಿದ ಹಲವರಿಗೆ ಮೊದಲ ದುಡಿಮೆಯನ್ನೂ ಕೊಟ್ಟಿತು. ಸಂಬಳವಲ್ಲ, ಕಮಿಷನ್, ಆದರೂ ಬಗಲಲ್ಲಿ ಬ್ಯಾಂಕಿನ ಚೀಲ ನೇತುಹಾಕಿಕೊಂಡು ಪೇಟೆಯಲ್ಲಿ ಓಡಾಡುವ ಹುಡುಗನನ್ನು ಯಾರೂ ಖಾಲಿ ಕೂತವನೆನ್ನುತ್ತಿರಲಿಲ್ಲ.

ಮಣಿಪಾಲದ ವಿಶೇಷವೆಂದರೆ ಬ್ಯಾಂಕು ಮತ್ತು ಕಾಲೇಜು ಎರಡೂ ಅಲ್ಲಿ ಒಂದೇ ಮನೆತನದ ಸುತ್ತ ಬೆಳೆದದ್ದು. ಉಡುಪಿ, ಕುಂದಾಪುರಗಳ ಕಾಲೇಜುಗಳನ್ನು ನಡೆಸಿದ ಮಣಿಪಾಲದ ಅಕಾಡೆಮಿಯ ಹಿಂದಿದ್ದವರೂ ಡಾ. ಟಿ.ಎಂ.ಎ. ಪೈ ಅವರೇ. ಹೀಗೆ ಪದವೀಧರರನ್ನು ತಯಾರಿಸುವ ಕೈಗೂ ಅವರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಕೈಗೂ ಬಹಳ ದೂರವಿರಲಿಲ್ಲ. ವಿಜಯಾ ಬ್ಯಾಂಕನ್ನು ದೊಡ್ಡದಾಗಿ ಬೆಳೆಸಿದ ಮೂಲ್ಕಿ ಸುಂದರರಾಮ ಶೆಟ್ಟರು ಊರಿನ ಹುಡುಗರನ್ನು ಕರೆಕರೆದು ಕೆಲಸ ಕೊಟ್ಟರೆಂದು ಬಂಟರ ಮನೆಗಳಲ್ಲಿ ಇಂದಿಗೂ ನೆನೆಯುವುದುಂಟು.

ನೆನೆಯುವವರು ನೆನೆಯುತ್ತಾರೆ, ಸರಿ. ಆದರೆ ಆ ಬಾಗಿಲು ಯಾರಿಗೆ ತೆರೆದಿತ್ತು ಎಂದೂ ಕೇಳಬೇಕಾಗುತ್ತದೆ. ಬ್ಯಾಂಕು ಕಟ್ಟಿದ ಸಮುದಾಯಗಳ, ಅವರ ಪರಿಚಯದ ಮನೆಗಳ ಹುಡುಗರಿಗೆ ಅದು ಅಗಲವಾಗಿ ತೆರೆದಿತ್ತು. ಗೇಣಿ ಗದ್ದೆ ಉಳುವವನ ಮಗ ಪದವಿ ಪಡೆದು ಬಂದರೆ ಅವನ ಪರವಾಗಿ ‘ಒಂದು ಮಾತು’ ಹೇಳುವವರು ಯಾರು? ಧಣಿಗಳೇ ಹೇಳಬೇಕು. ಹೇಳಿದರೆ ಆ ಋಣ ಮುಂದಿನ ತಲೆಮಾರಿಗೂ ಉಳಿಯುತ್ತಿತ್ತು. ದಲಿತ ಪದವೀಧರನಿಗಂತೂ ಆ ಮಾತನ್ನು ಕೇಳುವ ಜಗಲಿಯೂ ಇರಲಿಲ್ಲ. ಹುಡುಗಿಯರ ಪಾಲಿಗೆ ಓದಿನ ನಂತರದ ಕೆಲಸವೆಂದರೆ ಹೆಚ್ಚೆಂದರೆ ಶಾಲೆಯ ಟೀಚರು.

ಪರೀಕ್ಷೆ ಬಂದ ಮೇಲೆ

1969ರ ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ಕೆನರಾ, ಸಿಂಡಿಕೇಟ್ ಎರಡೂ ಅದರಲ್ಲಿದ್ದವು. 1980ರ ಏಪ್ರಿಲ್ 15ರಂದು ಇನ್ನೂ ಆರು. ಅವುಗಳಲ್ಲಿ ಕಾರ್ಪೊರೇಷನ್ ಮತ್ತು ವಿಜಯಾ. ಒಟ್ಟು 20 ರಾಷ್ಟ್ರೀಕೃತ ಬ್ಯಾಂಕುಗಳಲ್ಲಿ ನಾಲ್ಕು ಅವಿಭಜಿತ ದಕ್ಷಿಣ ಕನ್ನಡದಲ್ಲಿ ಹುಟ್ಟಿದವು. ಜಿಲ್ಲೆ ಇದನ್ನು ಹೆಮ್ಮೆಯಿಂದಲೇ ಹೇಳಿಕೊಂಡಿತು. ರಾಷ್ಟ್ರೀಕರಣದಿಂದ ಮೊದಲ ನೌಕರಿಯ ದಾರಿಯೇ ಬದಲಾದದ್ದು ನಿಧಾನವಾಗಿ ತಿಳಿಯಿತು. ಪರಿಶಿಷ್ಟ ಜಾತಿ, ಪಂಗಡಗಳಿಗೆ ಮೀಸಲಾತಿ ಬಂತು. ಎಪ್ಪತ್ತರ ದಶಕದ ಕೊನೆಗೆ ಬ್ಯಾಂಕಿಂಗ್ ಸೇವಾ ನೇಮಕಾತಿ ಮಂಡಳಿಗಳು ಬಂದು, ಆಯ್ಕೆ ಲಿಖಿತ ಪರೀಕ್ಷೆ ಮತ್ತು ಸಂದರ್ಶನದ ಮೇಲೆ ನಿಂತಿತು. 1993ರಿಂದ ಇತರ ಹಿಂದುಳಿದ ವರ್ಗಗಳಿಗೂ ಶೇ. 27 ಮೀಸಲಾತಿ ಸೇರಿತು.

ಇದೇ ಹೊತ್ತಿಗೆ ಹಳ್ಳಿಗಳಲ್ಲಿ ಇನ್ನೊಂದು ಬದಲಾವಣೆ ಆಗಿತ್ತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ಕಾಯಿದೆಯ ತಿದ್ದುಪಡಿಯಿಂದ ಗೇಣಿ ಪದ್ಧತಿ ಕೊನೆಗೊಂಡು, ಉಳುವವನು ಒಡೆಯನಾದ. ಗೇಣಿ ಅಕ್ಕಿ ಧಣಿಯ ಮನೆಗೆ ಹೋಗುವುದು ನಿಂತ ಮೇಲೆ, ಅದು ಮಕ್ಕಳ ಬಸ್ಸಿನ ಪಾಸಿಗೂ ಕಾಲೇಜಿನ ಫೀಸಿಗೂ ಆಯಿತು. ಅತ್ತ ಗದ್ದೆ ಕಳೆದುಕೊಂಡ ಮನೆಯ ಮಕ್ಕಳಿಗೂ ನೌಕರಿಯೇ ಗತಿಯಾಯಿತು. ಎಂಬತ್ತರ ದಶಕದಲ್ಲಿ ಸಿದ್ದಾಪುರದ ಕಡೆಯಿಂದ ಕುಂದಾಪುರದ ಕಾಲೇಜಿಗೆ ಬಸ್ಸು ಹತ್ತಿದ ಎರಡೂ ಬಗೆಯ ಮನೆಯವರು ಕೊನೆಗೆ ಒಂದೇ ಪರೀಕ್ಷೆಯ ಹಾಲಿನಲ್ಲಿ ಅಕ್ಕಪಕ್ಕ ಕೂತರು. ಕರಾವಳಿಯ ಸಾಮಾಜಿಕ ಇತಿಹಾಸದಲ್ಲಿ ಇದು ಸಣ್ಣ ಸಂಗತಿಯಲ್ಲ.

ಆ ಕಾಲದ ಅರ್ಜಿ ಹಾಕುವ ಕೆಲಸವೇ ಒಂದು ವಿದ್ಯೆಯಾಗಿತ್ತು. ಕೇಂದ್ರ ಸರಕಾರ 1976ರಲ್ಲಿ ಆರಂಭಿಸಿದ ‘ಎಂಪ್ಲಾಯ್‌ಮೆಂಟ್ ನ್ಯೂಸ್’ ವಾರಪತ್ರಿಕೆಯನ್ನು ಒಬ್ಬ ಕೊಂಡರೆ ನಾಲ್ವರು ಓದುತ್ತಿದ್ದರು. ಪೋಸ್ಟಲ್ ಆರ್ಡರು, ಸ್ವವಿಳಾಸದ ಲಕೋಟೆ, ಪಾಸ್‌ಪೋರ್ಟ್ ಅಳತೆಯ ಫೋಟೊ, ಅಂಕಪಟ್ಟಿಯ ನಕಲು. ನಕಲಿಗೆ ಗೆಜೆಟೆಡ್ ಅಧಿಕಾರಿಯ ಸಹಿ ಬೇಕು. ಹಳ್ಳಿಯಲ್ಲಿ ಗೆಜೆಟೆಡ್ ಅಧಿಕಾರಿ ಎಲ್ಲಿ ಸಿಗಬೇಕು? ಎಷ್ಟೋ ಪದವೀಧರರ ಅಂಕಪಟ್ಟಿಗೆ ದೃಢೀಕರಣದ ಮೊಹರು ಬಿದ್ದದ್ದು ಸರಕಾರಿ ಪಶುವೈದ್ಯರಿಂದ. ಪಕ್ಕದಲ್ಲಿ ಬೆರಳಚ್ಚು ತರಗತಿ; ಜೂನಿಯರ್, ಸೀನಿಯರ್ ಪರೀಕ್ಷೆ. ಕೆಲಸ ಸಿಗದವನೂ ಬೆಳಿಗ್ಗೆ ಬೆರಳಚ್ಚಿಗೆಂದು ಹೊರಟರೆ ಮನೆಯಲ್ಲೇ ಇದ್ದಾನೆಂಬ ಮಾತು ಒಂದಿಷ್ಟು ತಪ್ಪುತ್ತಿತ್ತು.

ಇನ್ನು ಉದ್ಯೋಗ ವಿನಿಮಯ ಕೇಂದ್ರ. ಖಾಲಿ ಹುದ್ದೆಗಳನ್ನು ಕಡ್ಡಾಯವಾಗಿ ಅಲ್ಲಿಗೆ ತಿಳಿಸಬೇಕೆಂಬ ಕಾಯಿದೆ 1959ರಲ್ಲೇ ಆಗಿತ್ತು. ಪದವಿ ಮುಗಿದೊಡನೆ ಅಲ್ಲಿ ಹೆಸರು ಬರೆಸಿ, ಕಾರ್ಡು ನವೀಕರಿಸುತ್ತ, ಸರದಿಗಾಗಿ ಕಾಯುವುದು ರೂಢಿ. ಹುದ್ದೆಗಳಿಗೆ ವಿನಿಮಯ ಕೇಂದ್ರದ ಪಟ್ಟಿಯೊಂದನ್ನೇ ನೆಚ್ಚದೆ ಪತ್ರಿಕೆಗಳಲ್ಲೂ ಪ್ರಕಟಣೆ ಕೊಟ್ಟು ಅರ್ಜಿ ಕರೆಯಬೇಕೆಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನ್ಯಾಯವಾದ ತೀರ್ಪೇ. ಆದರೆ ವರ್ಷಗಟ್ಟಲೆ ಕಾರ್ಡು ಜೋಪಾನ ಮಾಡಿದವರ ಸರದಿಗೆ ಅಲ್ಲಿಂದಾಚೆಗೆ ಹಿಂದಿನ ಬೆಲೆ ಉಳಿಯಲಿಲ್ಲ.

ಬಾಗಿಲು ದೂರವಾದ ಬಗೆ

ಪರೀಕ್ಷೆ ನ್ಯಾಯ ತಂದಿತು, ಅದರ ಜೊತೆಗೇ ದೂರವನ್ನೂ ತಂದಿತು. ಉಡುಪಿಯ ಬ್ಯಾಂಕಿಗೆ ದೇಶದ ಯಾವ ಮೂಲೆಯವರೂ ಬರಬಹುದು, ಸಿದ್ದಾಪುರದ ಪದವೀಧರ ಯಾವ ಮೂಲೆಗೂ ಹೋಗಬೇಕು. ತೊಂಬತ್ತರ ದಶಕದಲ್ಲಿ ಗಣಕಯಂತ್ರಗಳು ಬಂದವು, ನೇಮಕಾತಿ ಇಳಿಯಿತು. 2000-01ರ ಸ್ವಯಂನಿವೃತ್ತಿ ಯೋಜನೆಯಲ್ಲಿ ಸರಕಾರಿ ಬ್ಯಾಂಕುಗಳಿಂದ ಒಂದು ಲಕ್ಷಕ್ಕೂ ಹೆಚ್ಚು ನೌಕರರು ಹೊರಬಂದರು. ಅದೇ ಸುಮಾರಿಗೆ, 2001ರಲ್ಲಿ, ನೇಮಕಾತಿ ಮಂಡಳಿಗಳೂ ರದ್ದಾದವು. ಆಗ ಪದವಿ ಮುಗಿಸಿದವರಿಗೆ ಕಂಡದ್ದು ತಂದೆಯ ವಯಸ್ಸಿನವರು ಬ್ಯಾಂಕು ಬಿಟ್ಟು ಊರಿಗೆ ಮರಳುತ್ತಿದ್ದ ದೃಶ್ಯ.

2011ರಿಂದ ಐಬಿಪಿಎಸ್ ಸಂಸ್ಥೆಯ ಸಾಮಾನ್ಯ ಪರೀಕ್ಷೆ ಜಾರಿಗೆ ಬಂತು. ಒಂದೊಂದು ಬ್ಯಾಂಕಿಗೂ ಪ್ರತ್ಯೇಕ ಅರ್ಜಿಯ ಗೋಜಿಲ್ಲ. ಗುಮಾಸ್ತರ ಹುದ್ದೆಗೆ ಸಂದರ್ಶನವೂ ಇಲ್ಲ. ಪ್ರಾಥಮಿಕ, ಮುಖ್ಯ ಎಂಬ ಎರಡು ಪರೀಕ್ಷೆ, ಎರಡೂ ಗಣಕಯಂತ್ರದಲ್ಲಿ. ಹಾಗಾಗಿ ಶಿಫಾರಸಿನ ಮಾತಿಗೆ ಕಿಂಡಿಯೇ ಉಳಿದಿಲ್ಲ. ಆದರೆ ಪರೀಕ್ಷೆಯ ಭಾಷೆ ಬಹುಕಾಲ ಇಂಗ್ಲಿಷು ಮತ್ತು ಹಿಂದಿ. ಕನ್ನಡ ಮಾಧ್ಯಮದಲ್ಲಿ ಓದಿ, ಲೆಕ್ಕದಲ್ಲಿ ಯಾರಿಗೂ ಕಡಿಮೆಯಿಲ್ಲದ ಹುಡುಗಿ, ಪ್ರಶ್ನೆ ಅರ್ಥವಾಗುವಷ್ಟರಲ್ಲಿ ನಿಮಿಷ ಕಳೆದುಕೊಂಡಳು. ಗುಮಾಸ್ತರ ನೇಮಕಾತಿ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಬೇಕೆಂದು ಕೇಂದ್ರ ಹಣಕಾಸು ಸಚಿವಾಲಯ ಶಿಫಾರಸು ಮಾಡಿದ್ದು 2021ರ ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ ಊರಿನ ಬ್ಯಾಂಕುಗಳ ಹೆಸರೇ ಅಳಿಸಿತ್ತು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡದಲ್ಲಿ, ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಬೋರ್ಡು ಬದಲಾದ ದಿನ ಕರಾವಳಿಯ ಹಿರಿಯರು ವ್ಯಥೆಪಟ್ಟದ್ದು ಬರಿಯ ಹೆಸರಿಗಾಗಿ ಇರಲಾರದು. ಮನೆಗೊಬ್ಬರಂತೆ ಮೊದಲ ಸಂಬಳ ಎಣಿಸಿದ್ದು ಆ ಹೆಸರಿನ ಕೆಳಗೆ.

ಊರಲ್ಲೇ ಬೇರೆ ದಾರಿ ಇರಲಿಲ್ಲವೆಂದಲ್ಲ. ಹೊಸಂಗಡಿಯಲ್ಲಿ ವಾರಾಹಿ ನದಿಯ ನೀರಿನಿಂದ ನಡೆಯುವ ಭೂಗತ ವಿದ್ಯುದಾಗಾರ 1989ರಿಂದ ವಿದ್ಯುತ್ತು ಕೊಡುತ್ತಿದೆ. ಕಟ್ಟುವಾಗ ಸಾವಿರಾರು ಕೈ ಬೇಕು. ಕಟ್ಟಿದ ಮೇಲೆ ನಡೆಸಲು ಬೆರಳೆಣಿಕೆಯ ಜನ ಸಾಕು. ಜಲವಿದ್ಯುತ್ತಿನ ಗುಣವೇ ಅದು. 1983ರಲ್ಲಿ ಕೇಂದ್ರ ಸರಕಾರ ವಿದ್ಯಾವಂತ ನಿರುದ್ಯೋಗಿಗಳಿಗೆ 25,000 ರೂಪಾಯಿವರೆಗೆ ಸಾಲ ಕೊಡುವ ಸ್ವಯಂಉದ್ಯೋಗ ಯೋಜನೆಯನ್ನು ಪ್ರಕಟಿಸಿತು. 1993ರಲ್ಲಿ ಪ್ರಧಾನಮಂತ್ರಿ ರೋಜಗಾರ್ ಯೋಜನೆ ಬಂತು. ಸಾಲ ಕೊಡುವುದು ಸುಲಭ, ಕಸುಬು ಕಲಿಸುವುದು ಕಷ್ಟ. ಆ ಕಷ್ಟದ ಕೆಲಸಕ್ಕೆ ಕೈಹಾಕಿದ್ದು 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಭಾಗಿತ್ವದಲ್ಲಿ ಹುಟ್ಟಿದ ಈ ಸಂಸ್ಥೆ ಊಟ, ವಸತಿ ಕೊಟ್ಟು ಕೆಲವೇ ವಾರಗಳಲ್ಲಿ ಮೋಟರು ರಿಪೇರಿ, ಹೊಲಿಗೆ, ಛಾಯಾಗ್ರಹಣದಂಥ ಕಸುಬು ಕಲಿಸುತ್ತದೆ. ಬ್ರಹ್ಮಾವರದಲ್ಲೂ ಅದರ ಕೇಂದ್ರವಿದೆ. ಇದೇ ಮಾದರಿಯನ್ನು ಮುಂದೆ ದೇಶದ ಜಿಲ್ಲೆ ಜಿಲ್ಲೆಗೂ ವಿಸ್ತರಿಸಲಾಯಿತು. ಹಾಗಿದ್ದೂ ಮದುವೆ ಮನೆಯ ಪ್ರಶ್ನೆಗೆ ‘ಫೋಟೊ ಸ್ಟುಡಿಯೊ ಇಟ್ಟಿದ್ದ’ ಎಂಬ ಉತ್ತರ ‘ಬ್ಯಾಂಕಲ್ಲಿದ್ದ’ ಎಂಬುದಕ್ಕೆ ಎಂದೂ ಸಮನಾಗಲಿಲ್ಲ. ತಪ್ಪು ಕಸುಬಿನದಲ್ಲ, ಕೇಳುವವರದು.

ಉಳಿದವರು ಹೊರಟರು. ಕೊಲ್ಲಿ ದೇಶಗಳಿಗೆ ಕೆಲವರು. 1998ರಲ್ಲಿ ಕೊಂಕಣ ರೈಲು ಪೂರ್ಣ ಹಳಿಗೆ ಬಂದ ಮೇಲೆ ಮುಂಬಯಿಗೆ ಮತ್ತಷ್ಟು ಸುಲಭವಾಗಿ. ಎಲ್ಲರಿಗಿಂತ ಹೆಚ್ಚು ಬೆಂಗಳೂರಿಗೆ. ಉಡುಪಿ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 2001ರ ಜನಗಣತಿ ಎಣಿಸಿದ ಹೆಂಗಸರು 1,130; 2011ರಲ್ಲಿ 1,094. ಊರು ಬಿಟ್ಟ ಗಂಡಸರ ನೆರಳು ಈ ಅಂಕಿಯಲ್ಲಿದೆ. ಅದು ಇಳಿಯುತ್ತಿರುವುದಕ್ಕೆ ಹಲವು ಕಾರಣಗಳಿರಬಹುದು. ಈಗ ಹೆಣ್ಣುಮಕ್ಕಳೂ ದುಡಿಮೆಗಾಗಿ ಅದೇ ರಾತ್ರಿ ಬಸ್ಸು ಹತ್ತುತ್ತಿರುವುದೂ ಅವುಗಳಲ್ಲೊಂದು ಇದ್ದೀತು.

ಕಾಯಲು ಬೇಕಾದ ಹಣ

ಇಂದಿನ ಪರೀಕ್ಷೆಯಲ್ಲಿ ಜಾತಿ, ಮನೆತನ, ಪರಿಚಯ ಯಾವುದೂ ಕಾಣುವುದಿಲ್ಲ ಎನ್ನುವುದು ನಿಜ. ಆದರೆ ಕಾಣದೆ ಕೆಲಸ ಮಾಡುವ ಇನ್ನೊಂದಿದೆ: ಕಾಯುವ ಶಕ್ತಿ. ಅರ್ಜಿ ಕರೆಯುವುದರಿಂದ ಅಂತಿಮ ಪಟ್ಟಿಯವರೆಗೆ ತಿಂಗಳುಗಳು ಹಿಡಿಯುತ್ತವೆ. ಮೊದಲ ಯತ್ನದಲ್ಲಿ ಗೆದ್ದವರು ಕಡಿಮೆ. ಎರಡು, ಮೂರು ಯತ್ನ ಸಾಮಾನ್ಯ. ನಡುವೆ ತರಬೇತಿ ಕೇಂದ್ರದ ಶುಲ್ಕ, ಬಾಡಿಗೆ ಕೋಣೆ, ಊಟ. ಅಡಿಕೆ ತೋಟವಿರುವ ಮನೆ ಮಗನನ್ನು ಮೂರು ವರ್ಷ ಹೀಗೆ ಸಾಕಬಲ್ಲದು. ಕೂಲಿಯ ಮನೆ ಸಾಕಲಾರದು. ಅಲ್ಲಿನ ಪದವೀಧರ ಆರನೆಯ ತಿಂಗಳಿಗೇ ಬೆಂಗಳೂರಿನ ಯಾವುದೋ ಮಳಿಗೆಯ ಲೆಕ್ಕ ಬರೆಯಲು, ವಸ್ತು ತಲುಪಿಸಲು ಹೊರಡುತ್ತಾನೆ. ಪುಸ್ತಕ ಚೀಲದಲ್ಲೇ ಇರುತ್ತದೆ. ಓದುವ ಹೊತ್ತು ಇರುವುದಿಲ್ಲ. ಮುಂಬಯಿಯ ಹೋಟೆಲು ಹುಡುಗನಿಗಿದ್ದಂಥ ರಾತ್ರಿ ಶಾಲೆ ಅವನಿಗಿಲ್ಲ.

ಕಾಯುವಿಕೆಗೆ ಸರಕಾರ ಬೆಲೆ ಕಟ್ಟಿದ್ದು ಈಚೆಗೆ. ಪದವಿ ಮುಗಿದು 180 ದಿನವಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಇದು ರಾಜ್ಯದ ಯುವನಿಧಿ ಯೋಜನೆ. 2024ರ ಜನವರಿ 12ರಂದು ಅದು ಆರಂಭವಾದದ್ದು ಸಿದ್ದಾಪುರದವರು ಘಾಟಿ ಹತ್ತಿ ಹೋಗುವ ಶಿವಮೊಗ್ಗದಲ್ಲಿ. 3,000 ರೂಪಾಯಿಗೆ ನಗರದಲ್ಲಿ ಕೋಣೆ ಸಿಗಲಾರದು. ಆದರೆ ಅರ್ಜಿಯ ಶುಲ್ಕಕ್ಕೆ, ಪರೀಕ್ಷೆಯ ಊರಿಗೆ ಹೋಗಿಬರುವ ಬಸ್ಸಿಗೆ ಅಪ್ಪನ ಮುಂದೆ ಕೈಚಾಚುವುದು ತಪ್ಪುತ್ತದೆ. ಕೈಚಾಚಿ ಗೊತ್ತಿದ್ದವರಿಗೆ ಇದು ಸಣ್ಣದೆನಿಸದು.

ಪರೀಕ್ಷೆಯ ದಿನ ಸಿದ್ದಾಪುರದವರಿಗೆ ಎರಡು ದಿಕ್ಕು. ಕೇಂದ್ರ ಮಂಗಳೂರಾದರೆ ಇಳಿದು ಕುಂದಾಪುರಕ್ಕೆ ಬಂದು ಹೆದ್ದಾರಿ ಹಿಡಿಯಬೇಕು, ಶಿವಮೊಗ್ಗವಾದರೆ ಘಾಟಿ ಹತ್ತಬೇಕು. ಬೆಳಗಿನ ಪಾಳಿಗೆ ಸಮಯಕ್ಕೆ ಒಂದು ಗಂಟೆ ಮೊದಲೇ ಬಾಗಿಲಲ್ಲಿರಬೇಕು. ತಡವಾದರೆ ಒಳಗೆ ಬಿಡುವುದಿಲ್ಲ. ಮಳೆಗಾಲದಲ್ಲಿ ಬಾಳೆಬರೆಯ ತಿರುವುಗಳನ್ನು ನಂಬಿ ಹೊರಡುವಂತಿಲ್ಲ. ಅದಕ್ಕಾಗಿ ಹಿಂದಿನ ದಿನವೇ ಹೊರಟು, ಆ ಊರಿನಲ್ಲಿರುವ ನೆಂಟರ ಮನೆ ಹುಡುಕಿಕೊಂಡು ಹೋಗಿ, ಒಂದು ರಾತ್ರಿ ಚಾಪೆ ಕೇಳಬೇಕಾಗುತ್ತದೆ.